ಗದ್ದೆಯ ಪಾಚಿ ಮತ್ತು ಹಸಿದ ಕೋಶ

ಭತ್ತದ ಗದ್ದೆಯಲ್ಲಿ ನಿಂತ ನೀರಿನ ಮೇಲೆ ಪಾಚಿ ಕಟ್ಟಿದರೆ, ಗಾಳಿಯ ಸಾರಜನಕ ಮಣ್ಣಿಗೆ ಇಳಿಯುತ್ತಿದೆ ಎಂದು ನೆಮ್ಮದಿಪಡುವ ರೈತರಿದ್ದಾರೆ. ಅದರಲ್ಲಿ ಹುರುಳಿದೆ. ಗದ್ದೆಗೆ ಸಾರಜನಕ ಒದಗಿಸುವುದರಲ್ಲಿ ನೀಲಿ-ಹಸಿರು ಪಾಚಿಯ ಪಾತ್ರವನ್ನು ಭಾರತದ ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿಕೊಟ್ಟಿದ್ದರು. ಆದರೆ ಆ ಕೆಲಸ ಯಾರು, ಯಾವಾಗ ಮಾಡುತ್ತಾರೆ ಎಂಬುದರಲ್ಲಿ ನಮ್ಮ ಲೆಕ್ಕ ಆಗಾಗ ತಪ್ಪುತ್ತದೆ.

ತಪ್ಪು ಕಲ್ಪನೆ: ಹಸಿರಾಗಿ ತೇಲುವ ಪಾಚಿಯೆಲ್ಲ ಗೊಬ್ಬರವೇ.

ಸತ್ಯ: ಸಾರಜನಕ ಹಿಡಿಯುವವು ಪಾಚಿಯೆಂದು ಹೆಸರಾದ ಸಯನೋಬ್ಯಾಕ್ಟೀರಿಯಾಗಳು, ಅಂದರೆ ಬ್ಯಾಕ್ಟೀರಿಯಾಗಳೇ. ನೂಲಿನಂಥ ಹಸಿರು ಸ್ಪೈರೋಗೈರಾಕ್ಕೆ ಆ ಶಕ್ತಿಯಿಲ್ಲ. ಸಯನೋಬ್ಯಾಕ್ಟೀರಿಯಾಗಳಲ್ಲೂ ಎಲ್ಲವಕ್ಕೂ ಇಲ್ಲ. ಮಾತ್ರೆಯಾಗಿ ಮಾರಾಟವಾಗುವ ಸ್ಪಿರುಲಿನಾಕ್ಕೂ ಇಲ್ಲ. ಅನಬೀನಾ, ನಾಸ್ಟಾಕ್‌ಗಳಿಗೆ ಇದೆ.

ತಪ್ಪು ಕಲ್ಪನೆ: ಪಾಚಿಯ ಎಳೆಯಲ್ಲಿರುವ ಪ್ರತಿ ಕೋಶವೂ ಸಾರಜನಕ ಹಿಡಿಯುತ್ತದೆ.

ಸತ್ಯ: ಅನಬೀನಾದ ಎಳೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಹತ್ತಿಪ್ಪತ್ತು ಕೋಶಗಳಿಗೊಂದರಂತೆ ದಪ್ಪ ಗೋಡೆಯ, ಮಂಕು ಬಣ್ಣದ ಕೋಶವೊಂದು ಕಾಣುತ್ತದೆ. ಅದೇ ಹೆಟೆರೋಸಿಸ್ಟ್. 1951ರಲ್ಲೂ ಪಾಚಿತಜ್ಞ ಎಫ್.ಇ. ಫ್ರಿಟ್ಷ್ ಅವರಿಗೆ ಇದು ಸಸ್ಯಶಾಸ್ತ್ರದ ಒಗಟಾಗಿತ್ತು. ಸಾರಜನಕ ಹಿಡಿಯುವ ಜಾಗ ಇದೇ ಇರಬೇಕೆಂಬ ವಾದವನ್ನು 1968ರಲ್ಲಿ ಫೇ, ಸ್ಟೀವರ್ಟ್, ವಾಲ್ಸ್‌ಬಿ ಮತ್ತು ಫಾಗ್ ಮುಂದಿಟ್ಟರು.

ಪ್ರತ್ಯೇಕ ಕೋಶ ಏಕೆ ಬೇಕು? ಸಾರಜನಕವನ್ನು ಅಮೋನಿಯಾ ಮಾಡುವ ನೈಟ್ರೋಜಿನೇಸ್ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ. ಪಕ್ಕದ ಕೋಶಗಳೋ ಬಿಸಿಲಲ್ಲಿ ಆಮ್ಲಜನಕವನ್ನೇ ಹೊರಬಿಡುತ್ತಿರುತ್ತವೆ. ಆದ್ದರಿಂದ ಹೆಟೆರೋಸಿಸ್ಟ್ ಆಮ್ಲಜನಕ ತಯಾರಿಸುವುದನ್ನು ನಿಲ್ಲಿಸುತ್ತದೆ, ಗ್ಲೈಕೋಲಿಪಿಡ್ ಪದರ ಹೊದ್ದು ಹೊರಗಿನ ಅನಿಲವನ್ನು ತಡೆಯುತ್ತದೆ, ಒಳನುಸುಳಿದ್ದನ್ನು ಉಸಿರಾಟದಲ್ಲಿ ಮುಗಿಸುತ್ತದೆ. ಹೀಗಾಗಿ ತನ್ನ ಆಹಾರವನ್ನು ತಾನೇ ಮಾಡಿಕೊಳ್ಳಲಾರದು. ನೆರೆಯ ಕೋಶಗಳು ಸಕ್ಕರೆ ಕೊಡುತ್ತವೆ. ಪ್ರತಿಯಾಗಿ ಇದು ಗ್ಲುಟಮಿನ್‌ನಂಥ ಸಾರಜನಕಯುಕ್ತ ಪದಾರ್ಥ ಕೊಡುತ್ತದೆ. ಒಂದೇ ಎಳೆಯ ಬ್ಯಾಕ್ಟೀರಿಯಾದೊಳಗೆ ಇಷ್ಟು ಅಚ್ಚುಕಟ್ಟಾದ ಕೊಡುಕೊಳ್ಳುವಿಕೆ ಇರುವುದು ನಿಜಕ್ಕೂ ಬೆರಗು.

ತಪ್ಪು ಕಲ್ಪನೆ: ಹೆಟೆರೋಸಿಸ್ಟ್ ಬೀಜದಂತೆ, ಅದರಿಂದಲೇ ಹೊಸ ಎಳೆ ಹುಟ್ಟುತ್ತದೆ.

ಸತ್ಯ: ಬರವನ್ನು ತಾಳಿಕೊಂಡು ಮತ್ತೆ ಮೊಳೆಯುವ ಕೋಶ ಅಕೈನೀಟ್. ಪೂರ್ಣ ಬೆಳೆದ ಹೆಟೆರೋಸಿಸ್ಟ್ ಸಾಮಾನ್ಯವಾಗಿ ಮತ್ತೆ ವಿಭಜನೆಯಾಗದು.

ತಪ್ಪು ಕಲ್ಪನೆ: ಯೂರಿಯಾ ಜೊತೆಗೆ ಪಾಚಿಯನ್ನೂ ಹಾಕಿದರೆ ದುಪ್ಪಟ್ಟು ಲಾಭ.

ಸತ್ಯ: ಹೆಚ್ಚು ನಷ್ಟ ಮಾಡುವ ನಂಬಿಕೆ ಇದೇ. ಒಂದು ಸಾರಜನಕ ಅಣುವನ್ನು ಒಡೆಯಲು ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಕನಿಷ್ಠ 16 ಖರ್ಚಾಗುತ್ತದೆ. ಯೂರಿಯಾದಿಂದ ನೀರಿನಲ್ಲಿ ಅಮೋನಿಯಾ ಪುಕ್ಕಟೆ ಸಿಗುತ್ತಿರುವಾಗ ಜೀವಿ ಅಷ್ಟು ಖರ್ಚು ಮಾಡುವುದಿಲ್ಲ, ಹೆಟೆರೋಸಿಸ್ಟ್ ಬೆಳೆಸುವುದೇ ಇಲ್ಲ. ಸಾರಜನಕದ ಹಸಿವಾದಾಗ ಮಾತ್ರ ಕೋಶದೊಳಗೆ ಆಕ್ಸೋಗ್ಲುಟರೇಟ್ ಎಂಬ ಪದಾರ್ಥ ಹೆಚ್ಚಿ, ಹೆಟ್‌ಆರ್ ಎಂಬ ಪ್ರೋಟೀನ್ ಚುರುಕಾಗುತ್ತದೆ. ಸುಮಾರು ಒಂದು ದಿನದಲ್ಲಿ ಹೊಸ ಹೆಟೆರೋಸಿಸ್ಟ್ ಸಿದ್ಧ. ಅದರಿಂದ ಹರಿಯುವ ಪ್ಯಾಟ್‌ಎಸ್ ಎಂಬ ಪುಟ್ಟ ಪೆಪ್ಟೈಡ್ ಅಕ್ಕಪಕ್ಕದ ಕೋಶಗಳು ಹೆಟೆರೋಸಿಸ್ಟ್ ಆಗದಂತೆ ತಡೆಯುತ್ತದೆ. ಹೆಟೆರೋಸಿಸ್ಟ್‌ಗಳ ನಡುವೆ ಅಂತರ ಉಳಿಯುವುದು ಹೀಗೆ.

ನೀರಿನ ಮೇಲೆ ತೇಲುವ ಜರೀಗಿಡ ಅಜೋಲ್ಲಾದ ಎಲೆಯ ಕುಳಿಯಲ್ಲಿ ವಾಸಿಸುವ ಜೊತೆಗಾರ ಸಯನೋಬ್ಯಾಕ್ಟೀರಿಯಾದಲ್ಲಿ ಹೆಟೆರೋಸಿಸ್ಟ್‌ಗಳು ಇನ್ನೂ ದಟ್ಟವಾಗಿರುತ್ತವೆ. ಅಜೋಲ್ಲಾವನ್ನು ಮಣ್ಣಿಗೆ ಸೇರಿಸಿದರೆ, ಕೊಳೆತ ಮೇಲೆ ಅದರ ಸಾರಜನಕ ಬೆಳೆಗೆ ಸಿಗುತ್ತದೆ. ಪಾಚಿಯದೂ ಬಹುಪಾಲು ಸಿಗುವುದು ಅದು ಸತ್ತು ಕೊಳೆತ ಮೇಲೆಯೇ.

ಹಾಗೆಂದು ಯೂರಿಯಾ ಬಿಡಿ ಎಂದು ಹೇಳುತ್ತಿಲ್ಲ. ನೀರಾವರಿ ಭತ್ತದ ಪೂರ್ತಿ ಬೇಡಿಕೆಯನ್ನು ಪಾಚಿಯೊಂದೇ ತುಂಬಲಾರದು. ಪಾಚಿ ಹಾಕುವ ರೈತರಲ್ಲಿ ನನ್ನ ಕೋರಿಕೆ ಇಷ್ಟೆ: ಯೂರಿಯಾವನ್ನು ಒಂದೇ ಸಲಕ್ಕೆ ನಿಂತ ನೀರಿಗೆ ಎರಚಬೇಡಿ. ಕಂತುಕಂತಾಗಿ, ಮಣ್ಣಿನೊಳಗೆ ಇಳಿಯುವಂತೆ ಕೊಡಿ.