ಬಂದು ಹೋಗುವ ಪಿತ್ತದ ಗಂಧೆ

ಕಳೆದ ಕಾರ್ತಿಕ ಮಾಸದಲ್ಲಿ ತಾಯಿಯೊಬ್ಬರು ತಮ್ಮ ಅತ್ತೆಯವರೊಡನೆ ಚಿಕಿತ್ಸಾಲಯಕ್ಕೆ ಬಂದರು. ಕೈಯಲ್ಲೊಂದು ಮಡಿಸಿದ ಕಾಗದವಿತ್ತು. ಅದು ಅವರು ತಿನ್ನುವುದನ್ನು ಬಿಟ್ಟ ಪದಾರ್ಥಗಳ ಪಟ್ಟಿ: ಬದನೆಕಾಯಿ, ಶೇಂಗಾ, ಮೊಸರು, ತೊಗರಿಬೇಳೆ, ಹುಣಸೆಹಣ್ಣು, ಗೋಧಿ. ನೆರೆಹೊರೆಯವರು ಹೇಳಿದಂತೆಲ್ಲ ಒಂದೊಂದನ್ನೇ ತ್ಯಜಿಸುತ್ತ ಏಳು ತಿಂಗಳಲ್ಲಿ ಅವರ ಊಟವು ಹಾಲು ಅನ್ನಕ್ಕೆ ಇಳಿದಿತ್ತು. ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿತ್ತು. ಗಂಧೆ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಸಂಜೆಯಾದೊಡನೆ ಸೊಂಟ, ತೊಡೆ, ತೋಳುಗಳಲ್ಲಿ ಕೆಂಪಾಗಿ ಉಬ್ಬಿ, ರಾತ್ರಿಯೆಲ್ಲ ತುರಿಸಿ, ಬೆಳಗಾಗುವಷ್ಟರಲ್ಲಿ ಗುರುತೂ ಇಲ್ಲದಂತೆ ಮಾಯವಾಗುತ್ತಿತ್ತು. "ನಿಮಗ ತೋರಸಾಕ ಬಂದಾಗ ಮೈಮ್ಯಾಲ ಏನೂ ಇರಂಗಿಲ್ರಿ" ಎಂದು ಅತ್ತೆಯವರು ನೊಂದುಕೊಂಡರು. ಯಾರೋ ಇದನ್ನು ನಾಗದೋಷವೆಂದು ಹೇಳಿ ಸಾವಿರಾರು ರೂಪಾಯಿಯ ಪೂಜೆಯನ್ನೂ ಸೂಚಿಸಿದ್ದರಂತೆ.

ಜನರು ಪಿತ್ತದ ಗಂಧೆ ಎನ್ನುವ ಈ ವ್ಯಾಧಿಯು ಹೊಸದಲ್ಲ. ಮಾಧವನಿದಾನವು ಶೀತಪಿತ್ತ, ಉದರ್ದ, ಕೋಠಗಳನ್ನು ಒಟ್ಟಾಗಿಯೇ ವಿವರಿಸುತ್ತದೆ. ಕಣಜ ಕಚ್ಚಿದಂತೆ ಉಬ್ಬುವ ಬಾವು, ತುರಿಕೆ, ಚುಚ್ಚಿದಂತಹ ನೋವು ಇದರ ಲಕ್ಷಣಗಳು. ತಂಪುಗಾಳಿಯ ಸ್ಪರ್ಶದಿಂದ ಕಫ ಮತ್ತು ವಾತಗಳು ಕೆರಳಿ ಪಿತ್ತದೊಡನೆ ಸೇರುವುದು ಕಾರಣವೆಂದು ಅಲ್ಲಿ ಹೇಳಿದೆ. ಆಧುನಿಕ ವೈದ್ಯಶಾಸ್ತ್ರದ ಪ್ರಕಾರ, ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಚೆಲ್ಲುವುದರಿಂದ ಗಂಧೆ ಏಳುತ್ತದೆ. ಆರು ವಾರಗಳಿಗಿಂತ ಹೆಚ್ಚು ಕಾಲ ಮರುಕಳಿಸಿದರೆ ಅದು ದೀರ್ಘಕಾಲೀನ. ಇಂತಹ ರೋಗಿಗಳಲ್ಲಿ ಬಹುಪಾಲು ಜನರಿಗೆ ಹೊರಗಿನ ಕಾರಣವೊಂದು ಸಿಗುವುದೇ ಇಲ್ಲ. ಶರೀರದ ರಕ್ಷಣಾ ವ್ಯವಸ್ಥೆಯೇ ತನ್ನ ಕೋಶಗಳನ್ನು ಕೆರಳಿಸುವುದು ಅನೇಕರಲ್ಲಿ ಕಂಡುಬರುತ್ತದೆ; ಕೆಲವರಲ್ಲಿ ಥೈರಾಯ್ಡ್ ದೋಷವೂ ಜೊತೆಗಿರುತ್ತದೆ. ಇದರಲ್ಲಿ ನಾಗನ ಕೋಪವೂ ಇಲ್ಲ, ಹಿಂದಿನ ಜನ್ಮದ ಪಾಪವೂ ಇಲ್ಲ. ಶರಣರ ಮಾರ್ಗದಲ್ಲಿ ನಡೆಯುವ ನಾವು ಇನ್ನೂ ಇಂತಹ ಮಾತುಗಳಿಗೆ ಹೆದರುತ್ತೇವೆಂಬುದು ನನಗೆ ವಿಷಾದದ ಸಂಗತಿ.

ಆಹಾರದ ಅಲರ್ಜಿಗೆ ಒಂದು ನಡತೆಯಿದೆ. ತಿಂದ ಕೆಲವು ನಿಮಿಷಗಳಿಂದ ಸುಮಾರು ಎರಡು ಗಂಟೆಗಳೊಳಗೆ ಅದು ಕಾಣಿಸಿಕೊಳ್ಳುತ್ತದೆ, ತಿಂದಾಗಲೆಲ್ಲ ಬರುತ್ತದೆ. ಸೋಮವಾರ ಶೇಂಗಾ ಚಟ್ನಿ ತಿಂದು ಏನೂ ಆಗದವರಿಗೆ ಗುರುವಾರದ ಗಂಧೆ ಶೇಂಗಾದಿಂದ ಬಂದಿರಲಾರದು. ಆದ್ದರಿಂದ ಬಿಡುವ ಪಟ್ಟಿಯನ್ನು ಬದಿಗಿಟ್ಟು ಬರೆಯುವ ಪಟ್ಟಿಯನ್ನು ಮಾಡಿರೆಂದು ಆ ತಾಯಿಗೆ ಹೇಳಿದೆ. ಗಂಧೆ ಎದ್ದ ವೇಳೆ, ತಿಂದ ಆಹಾರ, ನುಂಗಿದ ಮಾತ್ರೆ, ಬಿಸಿಲು, ಬಿಗಿ ಉಡುಪು, ನಿದ್ರೆ, ಮುಟ್ಟಿನ ದಿನಗಳು ಎಲ್ಲವನ್ನೂ ಮೂರು ವಾರ ಬರೆದರು. ಮೊಣಕಾಲು ನೋವಿಗೆಂದು ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯ ದಿನಗಳಲ್ಲಿ ಗಂಧೆ ಉಲ್ಬಣಿಸುತ್ತಿದ್ದುದು ಅದರಿಂದ ತಿಳಿಯಿತು. ಆಸ್ಪಿರಿನ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳು ಕೆಲವರಲ್ಲಿ ಹೀಗೆ ಮಾಡುತ್ತವೆ. ಮಾತ್ರೆ ನಿಲ್ಲಿಸಿದ ಮೇಲೆ ಕಾಟ ಇಳಿಯಿತೇ ಹೊರತು ಪೂರ್ಣವಾಗಿ ನಿಲ್ಲಲಿಲ್ಲ. ಮೂಲ ಕಾರಣ ನನಗೂ ತಿಳಿಯಲಿಲ್ಲ. ಆದರೆ ಈಗ ಅವರು ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣುತ್ತಾರೆ, ರಾತ್ರಿ ನಿದ್ರಿಸುತ್ತಾರೆ.

ನಮ್ಮ ಭಾಗದಲ್ಲಿ ಗಂಧೆ ಎದ್ದಾಗ ಕಂಬಳಿಯಿಂದ ಮೈ ಉಜ್ಜುವ ರೂಢಿಯಿದೆ. ಕ್ಷಣಕಾಲ ಹಾಯೆನಿಸಿದರೂ ಘರ್ಷಣೆಯಿಂದ ಹೊಸ ಗಂಧೆಗಳು ಏಳುತ್ತವೆ. ಕೆರೆಯುವ ಬದಲು ತಣ್ಣೀರಿನಲ್ಲಿ ಹಿಂಡಿದ ಹತ್ತಿಬಟ್ಟೆಯನ್ನು ಇಡಬಹುದು. ಚಳಿಗಾಳಿಗೆ ಗಂಧೆ ಏಳುವವರಿಗೆ ಮಾತ್ರ ಇದು ಹೊಂದದು. ಶಾಸ್ತ್ರದಲ್ಲಿ ಸಾಸಿವೆ ಎಣ್ಣೆಯ ಅಭ್ಯಂಗ, ಬಿಸಿನೀರಿನ ಸ್ವೇದ ಹೇಳಿದ್ದರೂ ಬಿಸಿಗೆ ಕೆರಳುವ ಪ್ರಕೃತಿಯವರಿಗೆ ನಾನು ಅದನ್ನು ಸೂಚಿಸುವುದಿಲ್ಲ. ಹರಿದ್ರಾಖಂಡವು ಅನೇಕರಿಗೆ ಹಿತವೆನಿಸಿದೆ. ಅದರಲ್ಲಿ ಸಕ್ಕರೆ ಇರುವುದರಿಂದ ಮಧುಮೇಹಿಗಳು ಕೇಳದೆ ಸೇವಿಸಬಾರದು. ನಿದ್ರೆಗೆಡುವಷ್ಟು ತುರಿಕೆಯಿದ್ದರೆ ಸೆಟಿರಿಜಿನ್ ಗುಂಪಿನ ಮಾತ್ರೆಯನ್ನು ವೈದ್ಯರ ಸಲಹೆಯಂತೆ ಕೆಲಕಾಲ ಪ್ರತಿದಿನವೂ ತೆಗೆದುಕೊಳ್ಳಲು ಆಯುರ್ವೇದದವನಾದ ನಾನೇ ಹೇಳುತ್ತೇನೆ. ಒಂದೇ ದಿನದಲ್ಲಿ ಗುಣಪಡಿಸುವ ಹೆಸರಿಲ್ಲದ ಪುಡಿಗಳಿಂದ ದೂರವಿರಿ. ಅವುಗಳಲ್ಲಿ ಸ್ಟೆರಾಯ್ಡ್ ಬೆರೆತಿರುವ ಸಂಭವವಿದೆ.

ಎಲ್ಲ ತುರಿಕೆಯೂ ಗಂಧೆಯಲ್ಲ. ಮನೆಯ ಹಲವರಿಗೆ ರಾತ್ರಿ ಬೆರಳ ಸಂದುಗಳಲ್ಲಿ ತುರಿಸಿದರೆ ಅದು ಕಜ್ಜಿ. ಎದೆಯ ಮೇಲೆ ಕರಡಿಗೆ ತಾಗುವಲ್ಲಿ ಮಾತ್ರ ದದ್ದು ಎದ್ದು ದಿನಗಟ್ಟಲೆ ಉಳಿದರೆ ಲೋಹವನ್ನು ಶಂಕಿಸಬೇಕು. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿಯಿಲ್ಲ, ನಿಕಲ್ ಇದೆ. ಅಂತಹವರು ಇಷ್ಟಲಿಂಗವನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಧರಿಸಿದರೆ ಸಾಕು. ಒಂದೇ ಗಂಧೆ 24 ಗಂಟೆ ಮೀರಿ ಉಳಿದು, ನೋಯುತ್ತ, ಕಂದು ಕಲೆ ಬಿಟ್ಟರೆ ಚರ್ಮತಜ್ಞರಿಗೆ ತೋರಿಸಬೇಕು.

ತುಟಿ, ನಾಲಿಗೆ ಊದಿಕೊಂಡು, ಧ್ವನಿ ಬದಲಾಗಿ, ಉಸಿರು ಕಟ್ಟಿದಂತಾದರೆ ಅಥವಾ ತಲೆಸುತ್ತಿ ಬಿದ್ದರೆ ಯಾವ ಮನೆಮದ್ದಿಗೂ ಕಾಯದೆ, 108ಕ್ಕೆ ಕರೆ ಮಾಡಿ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಕ್ತದೊತ್ತಡಕ್ಕೆ ಎನಾಲಪ್ರಿಲ್, ರಾಮಿಪ್ರಿಲ್ ಸೇವಿಸುವವರಿಗೆ ಗಂಧೆಯಿಲ್ಲದೆಯೂ ಹೀಗೆ ತುಟಿ ಊದಬಹುದು. ಅಲ್ಲಿನ ವೈದ್ಯರಿಗೆ ಮಾತ್ರೆಯ ಚೀಟಿಯನ್ನು ತೋರಿಸಲು ಮರೆಯಬಾರದು.