ಒಬ್ಬನಿಗಾಗಿ ಬದಲಾದ ಅಂಗಳ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯವೊಂದು 19–18ರಲ್ಲಿ ಮುಗಿದಿತ್ತು ಎಂದರೆ ನಂಬುತ್ತೀರಾ? ಇವತ್ತು ಹತ್ತು ನಿಮಿಷ ತುಂಬುವ ಮೊದಲೇ ಒಂದೊಂದು ತಂಡ ಅಷ್ಟು ಪಾಯಿಂಟ್ ಬಾಚಿರುತ್ತದೆ! ಆದರೆ 1950ರ ನವೆಂಬರ್ 22ರಂದು ಮಿನಿಯಾಪೊಲಿಸ್‌ನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ಆಟಗಾರರು ಬ್ಯಾಸ್ಕೆಟ್ ಕಡೆಗೆ ಎಸೆಯುವ ಗೋಜಿಗೇ ಹೋಗದೆ ಚೆಂಡು ಹಿಡಿದು ಕಾಲ ತಳ್ಳಿದರು. ಎದುರಿಗಿದ್ದ ಒಬ್ಬನ ಕೈಗೆ ಚೆಂಡು ಸಿಗಬಾರದು, ಅಷ್ಟೇ. ಎದುರಾಳಿ ಮಿನಿಯಾಪೊಲಿಸ್ ಲೇಕರ್ಸ್ ತಂಡ ಗಳಿಸಿದ 18ರಲ್ಲಿ 15 ಪಾಯಿಂಟ್ ಅವನವೇ!

ಜಾರ್ಜ್ ಮೈಕನ್. ಆರಡಿ ಹತ್ತಂಗುಲದ ಆಳು, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ. 1924ರಲ್ಲಿ ಇಲಿನಾಯ್ಸ್‌ನ ಜೋಲಿಯೆಟ್‌ನಲ್ಲಿ ಹುಟ್ಟಿದ ಈತ ಪಾದ್ರಿಯಾಗಬೇಕೆಂದಿದ್ದ ಹುಡುಗ. ಅಷ್ಟು ಎತ್ತರದವರಿಂದ ಆಟ ಸಾಧ್ಯವಿಲ್ಲ, ಕಾಲಿಗೆ ಕಾಲು ತೊಡರುತ್ತದೆ ಎಂದು ಜನ ನಂಬಿದ್ದ ಕಾಲವದು. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಕೋಚ್ ರೇ ಮೇಯರ್ ಅದನ್ನು ಒಪ್ಪಲಿಲ್ಲ. ಹಗ್ಗ ಜಿಗಿಸಿದರು, ಬಾಕ್ಸಿಂಗ್ ಕಲಿಸಿದರು, ಡಾನ್ಸ್ ಕೂಡ ಕಲಿಸಿದರು! ರಿಂಗ್‌ನ ಕೆಳಗೆ ನಿಂತು ಒಮ್ಮೆ ಬಲಗೈ, ಒಮ್ಮೆ ಎಡಗೈ ಎಂದು ಚೆಂಡು ಹಾಕುತ್ತಲೇ ಇರುವ ಆ ಅಭ್ಯಾಸಕ್ಕೆ ಇಂದಿಗೂ ‘ಮೈಕನ್ ಡ್ರಿಲ್’ ಎಂದೇ ಹೆಸರು.

ಆಮೇಲೆ ನಡೆದದ್ದು ಬೆರಗು. ರಿಂಗ್‌ಗೆ ಇಳಿಯುತ್ತಿದ್ದ ಚೆಂಡನ್ನು ಮೈಕನ್ ಮತ್ತು ಓಕ್ಲಹೋಮದ ಬಾಬ್ ಕರ್ಲೆಂಡ್ ಮೇಲೆಯೇ ತಟ್ಟಿಬಿಡುತ್ತಿದ್ದರು. ಕಾಲೇಜು ಆಟದಲ್ಲಿ 1944ರಲ್ಲಿ ಅದನ್ನೇ ನಿಷೇಧಿಸಬೇಕಾಯಿತು. ವೃತ್ತಿಪರ ಆಟಕ್ಕೆ ಬಂದ ಮೇಲೆ, 1947ರಿಂದ 1954ರ ನಡುವಿನ ಎಂಟು ಋತುಗಳಲ್ಲಿ ಏಳು ಲೀಗ್ ಪ್ರಶಸ್ತಿ: ಮೊದಲನೆಯದು ಷಿಕಾಗೋ ಗೇರ್ಸ್‌ಗೆ, ಉಳಿದ ಆರೂ ಮಿನಿಯಾಪೊಲಿಸ್ ಲೇಕರ್ಸ್‌ಗೆ. 1949ರ ಫೈನಲ್ಸ್‌ನಲ್ಲಿ ಮುರಿದ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡೇ ಆಡಿದ! ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನ ಫಲಕ ಲೇಕರ್ಸ್ ಹೆಸರನ್ನೇ ಕೈಬಿಟ್ಟು, ನಿಕ್ಸ್ ತಂಡಕ್ಕೆ ಎದುರಾಳಿ ಜಾರ್ಜ್ ಮೈಕನ್ ಎಂದು ಸಾರಿತು.

ಇವನನ್ನು ಬ್ಯಾಸ್ಕೆಟ್‌ನಿಂದ ದೂರವಿಡಲು ಎನ್‌ಬಿಎ 1951ರಲ್ಲಿ ಅಂಗಳವನ್ನೇ ತಿದ್ದಿತು. ಆಕ್ರಮಣ ಮಾಡುವವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಪಟ್ಟಿ ಆರಡಿಯಿಂದ ಹನ್ನೆರಡಡಿಗೆ ಅಗಲವಾಯಿತು. ಫಲ? ಮುಂದಿನ ಮೂರೂ ವರ್ಷ ಲೇಕರ್ಸ್‌ನವರೇ ಚಾಂಪಿಯನ್ನರು! ಆ 19–18ರಂಥ ಬೇಸರದ ಆಟಗಳಿಗೆ ಮದ್ದಾಗಿ, 24 ಸೆಕೆಂಡಿನೊಳಗೆ ಬ್ಯಾಸ್ಕೆಟ್‌ಗೆ ಎಸೆಯಲೇಬೇಕೆಂಬ ಗಡಿಯಾರ ಬಂದದ್ದು 1954ರಲ್ಲಿ, ಆತ ಮೊದಲ ಬಾರಿ ನಿವೃತ್ತನಾದ ವರ್ಷ.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದಕ್ಕಿಂತ ಮುಂದಿನ ಕಥೆ. ರಿಂಗ್‌ನ ಬುಡದಲ್ಲೇ ಬದುಕು ಕಟ್ಟಿಕೊಂಡ ಈ ದೈತ್ಯ, 1967ರಲ್ಲಿ ಎಬಿಎ ಎಂಬ ಹೊಸ ಲೀಗಿನ ಮೊದಲ ಕಮಿಷನರ್ ಆದ. ಕೆಂಪು, ಬಿಳಿ, ನೀಲಿ ಚೆಂಡು ತಂದ. ದೂರದಿಂದ ಹಾಕಿದರೆ ಮೂರು ಪಾಯಿಂಟ್ ಎಂಬ ಗೆರೆಗೂ ಆ ಲೀಗಿನಲ್ಲಿ ಜಾಗ ಕೊಟ್ಟ. ತನ್ನಂಥ ಎತ್ತರದವರ ಏಕಸ್ವಾಮ್ಯ ಮುರಿಯುವ ಗೆರೆ! ಎನ್‌ಬಿಎ ಅದನ್ನು ಒಪ್ಪಿಕೊಂಡದ್ದು 1979ರಲ್ಲಿ.

ಕೊನೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಗೆ ಒಂದು ಕಾಲು ಕಳೆದುಕೊಂಡರೂ, ಹಳೆಯ ಆಟಗಾರರ ಪಿಂಚಣಿ ಹೆಚ್ಚಿಸಿ ಎಂದು ದನಿ ಎತ್ತುತ್ತಲೇ ಇದ್ದ. 2005ರ ಜೂನ್ 1ರಂದು ಮೈಕನ್ ತೀರಿಕೊಂಡಾಗ ಅಂತ್ಯಕ್ರಿಯೆಯ ಖರ್ಚು ಭರಿಸಿದ್ದು ಲೇಕರ್ಸ್‌ನ ಮತ್ತೊಬ್ಬ ದೈತ್ಯ, ಷಕೀಲ್ ಓನೀಲ್.