ಉಲ್ಕೆಯ ವೇಗವನ್ನು ಅಳೆಯುವ ಬಗೆ

ನಿರಭ್ರವಾದ ರಾತ್ರಿಯಲ್ಲಿ ಬೆಳಕಿನ ಗೆರೆಯೊಂದು ಆಕಾಶದಲ್ಲಿ ಥಟ್ಟನೆ ಮೂಡಿ ಮರೆಯಾಗುವುದನ್ನು ನೀವು ಕಂಡಿರಬಹುದು. ನಕ್ಷತ್ರ ಬಿದ್ದಿತೆಂದು ಜನರು ಹೇಳುವುದು ರೂಢಿ. ಆದರೆ ಅದು ಸೂರ್ಯನನ್ನು ಸುತ್ತುತ್ತಿದ್ದ ಕಲ್ಲಿನ ಚೂರು. ಭೂಮಿಯ ವಾಯುಮಂಡಲವನ್ನು ಹೊಕ್ಕು ಉರಿಯುವಾಗ ನಮಗೆ ಉಲ್ಕೆಯಾಗಿ ಕಾಣುತ್ತದೆ. ಅದು ಯಾವ ಪಥದಲ್ಲಿ ಸುತ್ತುತ್ತಿದ್ದಿತೆಂಬುದನ್ನು ಅರಿಯಲು ಅದರ ದಿಕ್ಕೂ ವೇಗವೂ ತಿಳಿದಿರಬೇಕು.

ದೂರದೂರದ ಎರಡು ಸ್ಥಳಗಳಿಂದ ಛಾಯಾಚಿತ್ರ ತೆಗೆದು ಹೋಲಿಸಿದರೆ ದಿಕ್ಕು ತಿಳಿಯುತ್ತದೆ. ವೇಗದ ಮಾತು ಬೇರೆ. ಚಿತ್ರದಲ್ಲಿ ಗೆರೆ ಉಳಿಯುತ್ತದೆ, ಕಾಲ ಉಳಿಯುವುದಿಲ್ಲ. ಆದುದರಿಂದ ಕ್ಯಾಮರಾದ ಮಸೂರದ ಮುಂದೆ ಫ್ಯಾನಿನ ರೆಕ್ಕೆಗಳಂತಹ ಅಲಗುಗಳನ್ನು ಮೋಟಾರಿನಿಂದ ತಿರುಗಿಸುತ್ತಾರೆ. ಅಲಗು ಅಡ್ಡ ಬಂದಾಗಲೆಲ್ಲ ಬೆಳಕು ತಡೆಯಲ್ಪಟ್ಟು ಗೆರೆ ತುಂಡುತುಂಡಾಗುತ್ತದೆ. ಇದಕ್ಕೆ ತಿರುಗುವ ಷಟರ್ ಎಂದು ಹೆಸರು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಫ್ರೆಡ್ ವಿಪಲ್ ಎಂಬ ವಿಜ್ಞಾನಿ 1936ರಲ್ಲಿ ಈ ಸಾಧನದೊಡನೆ ಎರಡು ಸ್ಥಳಗಳಿಂದ ಉಲ್ಕೆಗಳ ಚಿತ್ರ ತೆಗೆಯುವ ಕಾರ್ಯವನ್ನು ಆರಂಭಿಸಿದನು.

ಒಂದು ಲೆಕ್ಕವನ್ನು ನೋಡೋಣ. ಎರಡು ಅಲಗುಗಳ ಷಟರ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 50 ಬಾರಿ ಬೆಳಕನ್ನು ಕತ್ತರಿಸುತ್ತದೆ. ಒಂದು ತುಂಡಿನ ಆರಂಭದಿಂದ ಮುಂದಿನ ತುಂಡಿನ ಆರಂಭಕ್ಕೆ ಉಲ್ಕೆಯು 400 ಮೀಟರು ಸಾಗಿದ್ದರೆ ಅದರ ವೇಗ ಸೆಕೆಂಡಿಗೆ 20 ಕಿಲೋಮೀಟರು. ಮೋಟಾರು ನಿಜವಾಗಿ 1485 ಸುತ್ತು ಮಾತ್ರ ತಿರುಗಿದ್ದರೆ? ಆಗ ವೇಗ 19.8 ಕಿಲೋಮೀಟರು. ನೂರಕ್ಕೆ ಒಂದು ಪಾಲಿನ ಈ ವ್ಯತ್ಯಾಸ ಅಲ್ಪವೆಂದು ತೋರುತ್ತದೆ.

ಸಾಧಾರಣ ಮೋಟಾರು ವಿದ್ಯುತ್ತಿನ ಒತ್ತಡ ಕುಗ್ಗಿದರೆ, ಚಳಿಯಲ್ಲಿ ಎಣ್ಣೆ ಗಟ್ಟಿಯಾದರೆ ನಿಧಾನವಾಗುತ್ತದೆ. ಸಿಂಕ್ರೊನಸ್ ಮೋಟಾರಿಗೆ ಈ ದೋಷ ಕಡಿಮೆ. ಅದು ವಿದ್ಯುತ್ತಿನ ಆವರ್ತನಕ್ಕೆ ಹೆಜ್ಜೆ ಹಾಕಿ ತಿರುಗುತ್ತದೆ. ಆದರೆ ಸರಬರಾಜಾಗುವ ವಿದ್ಯುತ್ತಿನ ಆವರ್ತನವೂ ಕೊಂಚ ಏರಿಳಿಯುವುದುಂಟು. ಹೆಚ್ಚಿನ ನಿಖರತೆ ಬೇಕಾದಲ್ಲಿ ಗಡಿಯಾರಗಳಲ್ಲಿರುವಂತಹ ಸ್ಫಟಿಕದ ಕಂಪನದಿಂದ ಮೋಟಾರನ್ನು ನಿಯಂತ್ರಿಸಬೇಕು. ಸರಾಸರಿ ವೇಗ ಸರಿಯಾಗಿದ್ದರೂ ಸಾಲದು. ಗಾಳಿಯ ತಡೆಯಿಂದ ಉಲ್ಕೆಯ ವೇಗ ಕುಗ್ಗಿದಂತೆ ಚಿತ್ರದ ತುಂಡುಗಳು ಗಿಡ್ಡವಾಗುತ್ತವೆ; ಮೋಟಾರಿನ ವೇಗ ಏರಿದರೂ ಅವು ಗಿಡ್ಡವಾಗುತ್ತವೆ. ಚಿತ್ರವೊಂದರಿಂದಲೇ ಇವೆರಡನ್ನು ಬೇರ್ಪಡಿಸುವುದು ಹೇಗೆ? ಇದೇ ಈ ಕೆಲಸದ ಅತಿ ಸೂಕ್ಷ್ಮವಾದ ತೊಡಕು.

1959ನೆಯ ಏಪ್ರಿಲ್ 7ರ ರಾತ್ರಿ ಅಂದಿನ ಚೆಕೊಸ್ಲೊವಾಕಿಯದ ಆಕಾಶದಲ್ಲಿ ಪ್ರಖರವಾದ ಉಲ್ಕೆಯೊಂದು ಹಾದುಹೋಯಿತು. ಇಂತಹ ಷಟರ್‌ಗಳಿದ್ದ ಕ್ಯಾಮರಾಗಳು ಅದನ್ನು ಚಿತ್ರಿಸಿದವು. ತ್ಸೆಪ್ಲೆಖಾ ಎಂಬ ವಿಜ್ಞಾನಿ ಲೆಕ್ಕ ಹಾಕಿದನು. ಪ್ರಿಬ್ರಾಮ್ ಪಟ್ಟಣದ ಸಮೀಪದಲ್ಲಿ ನಾಲ್ಕು ಕಲ್ಲುಗಳು ದೊರೆತವು. ಛಾಯಾಚಿತ್ರಗಳಿಂದ ಕಕ್ಷೆಯನ್ನು ಕಂಡುಹಿಡಿದ ಮೊದಲ ಉಲ್ಕಾಶಿಲೆ ಅದು. ವಾಯುಮಂಡಲವನ್ನು ಹೊಕ್ಕಾಗ ಅದರ ವೇಗ ಸೆಕೆಂಡಿಗೆ ಸುಮಾರು 21 ಕಿಲೋಮೀಟರು. ಅದರ ಕಕ್ಷೆಯ ದೂರದ ತುದಿ ಕ್ಷುದ್ರಗ್ರಹಗಳ ವಲಯವನ್ನು ಹಾದು ಸೂರ್ಯನಿಂದ ಸುಮಾರು 60 ಕೋಟಿ ಕಿಲೋಮೀಟರು ಆಚೆಗಿತ್ತು. ವೇಗದ ಅಳತೆಯಲ್ಲಿ ನೂರಕ್ಕೆ ಒಂದು ಪಾಲು ತಪ್ಪಿದ್ದರೆ ಆ ತುದಿ ಸುಮಾರು ಎರಡು ಕೋಟಿ ಕಿಲೋಮೀಟರು ಸರಿದುಹೋಗುತ್ತಿತ್ತು!

ಈಗಿನ ಹಲವು ಉಲ್ಕಾ ಕ್ಯಾಮರಾಗಳಲ್ಲಿ ಮೋಟಾರು ಇಲ್ಲ. ದ್ರವಸ್ಫಟಿಕದ ತೆಳುವಾದ ಫಲಕವೊಂದು ವಿದ್ಯುತ್ ಸಂಕೇತಕ್ಕೆ ಅನುಸಾರವಾಗಿ ಬೆಳಕನ್ನು ಬಿಡುತ್ತ, ತಡೆಯುತ್ತ ಗೆರೆಯನ್ನು ಕತ್ತರಿಸುತ್ತದೆ.